ವಿದೇಶಿ ಯಂತ್ರ ತರಿಸುವವರು ಹಡಗಿಗಿಂತ ಮೊದಲು ಕಾಗದ ನೋಡಿ

ಕಾಸರಗೋಡಿನ ಕುಂಬಳೆ, ಉಪ್ಪಳದ ಕಡೆ ಬೇಕರಿಗೆಂದು ಹಿಟ್ಟು ನಾದುವ ಯಂತ್ರವನ್ನು ಚೀನಾದಿಂದ ನೇರವಾಗಿ ತರಿಸಿಕೊಂಡವರು, ಸರಕು ಮಂಗಳೂರಿನ ಪಣಂಬೂರು ಬಂದರಿನಲ್ಲೋ ಕೊಚ್ಚಿಯ ವಲ್ಲಾರ್‌ಪಾಡದಲ್ಲೋ ಸಿಕ್ಕಿಬಿದ್ದಾಗ ಹಡಗನ್ನು ಶಪಿಸುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಕೊಲಂಬೊದಲ್ಲಿ ಮುಂದಿನ ಹಡಗಿಗಾಗಿ ಕಂಟೇನರ್ ಕಾಯುವುದುಂಟು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಆರಂಭವಾದ ಮೇಲೆ ಯುರೋಪಿನ ಹಡಗುಗಳು ಆಫ್ರಿಕಾವನ್ನು ಸುತ್ತಿ ಬಂದು ಹತ್ತು ಹದಿನೈದು ದಿನ ತಡವಾದದ್ದೂ ಉಂಟು. ಅದು ನಮ್ಮ ಕೈಯಲ್ಲಿಲ್ಲ. ಕಾಗದಗಳು ನಮ್ಮ ಕೈಯಲ್ಲಿವೆ.

ಮೊದಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಜಾಲತಾಣದಲ್ಲಿ 500 ರೂಪಾಯಿ ಕಟ್ಟಿ ಐಇಸಿ, ಎಂದರೆ ಆಮದು-ರಫ್ತು ಸಂಕೇತ ಸಂಖ್ಯೆ, ಪಡೆಯಿರಿ. ಏನೂ ಬದಲಾಗದಿದ್ದರೂ ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ದೃಢೀಕರಿಸಬೇಕು. ಇಲ್ಲದಿದ್ದರೆ ಅದು ನಿಷ್ಕ್ರಿಯವಾಗುತ್ತದೆ.

ಬಾಕಿ ಹಣ ಕಳುಹಿಸುವ ಮೊದಲು ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ (ಸರಕು ಹಡಗೇರಿದ್ದಕ್ಕೆ ಹಡಗು ಕಂಪನಿ ಕೊಡುವ ಪತ್ರ) ಮೂರರ ಕರಡನ್ನೂ ತರಿಸಿಕೊಂಡು, ಮುದ್ರಿಸಿ, ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಪೆನ್ಸಿಲ್ ಹಿಡಿದು ಓದಿ. ಮೊಬೈಲಿನ ಪರದೆಯಲ್ಲಿ ಓದಿದರೆ ಸಾಲದು. ಹೆಸರು ಐಇಸಿಯಲ್ಲಿರುವಂತೆಯೇ ಇರಬೇಕು. ಪೆಟ್ಟಿಗೆಗಳ ಸಂಖ್ಯೆ, ಒಟ್ಟು ತೂಕ, ಮಾದರಿ ಸಂಖ್ಯೆ ಮೂರರಲ್ಲೂ ಒಂದೇ ಆಗಿರಬೇಕು. ನನ್ನದೇ ಸರಕೊಂದರ ಇನ್‌ವಾಯ್ಸಿನಲ್ಲಿ ಒಂದು ಯಂತ್ರವೆಂದೂ ಪ್ಯಾಕಿಂಗ್ ಲಿಸ್ಟಿನಲ್ಲಿ ಎರಡು ಪೆಟ್ಟಿಗೆಯೆಂದೂ ಇತ್ತು. ಎರಡನೆಯ ಪೆಟ್ಟಿಗೆಯಲ್ಲಿದ್ದದ್ದು ಮಾರಾಟಗಾರನು ಉಚಿತವಾಗಿ ಕೊಟ್ಟ ಬಿಡಿಭಾಗಗಳು. ನಮಗೆ ಉಚಿತವಾದರೂ ಕಸ್ಟಮ್ಸ್‌ಗೆ ಬೆಲೆ ತೋರಿಸಲೇಬೇಕು. ಅದನ್ನು ತಿದ್ದಿಸುವುದರಲ್ಲಿ ಒಂಬತ್ತು ದಿನ ಕಳೆಯಿತು.

ಕಸ್ಟಮ್ಸ್‌ಗಾಗಿ ಸರಕನ್ನು ವರ್ಗೀಕರಿಸುವ ಎಚ್‌ಎಸ್ ಕೋಡನ್ನು ಮಾರಾಟಗಾರನು ಕೊಟ್ಟಂತೆಯೇ ನಕಲು ಮಾಡಬೇಡಿ. ಮೊದಲ ಆರು ಅಂಕಿಗಳು ಎಲ್ಲ ದೇಶಗಳಿಗೂ ಸಮಾನ, ಬೇಕರಿ ಯಂತ್ರಕ್ಕಾದರೆ 843810. ಕೊನೆಯ ಎರಡನ್ನು ಭಾರತದ ಸುಂಕಪಟ್ಟಿಯಿಂದಲೇ ತೆಗೆದುಕೊಳ್ಳಬೇಕು. ಸುಂಕದ ದರವಷ್ಟೇ ಅಲ್ಲ, ಬಿಐಎಸ್ ಗುಣಮಟ್ಟದ ಪ್ರಮಾಣಪತ್ರ ಬೇಕೇ ಬೇಡವೇ ಎಂಬುದನ್ನೂ ಈ ಕೋಡನ್ನು ಹಿಡಿದೇ ನೋಡಲಾಗುತ್ತದೆ. ಅರ್ಧ ಬೆಲೆ ಬರೆದುಕೊಡುತ್ತೇನೆಂದು ಮಾರಾಟಗಾರನು ಹೇಳಿದರೆ ಒಪ್ಪಲೇಬೇಡಿ. ಬ್ಯಾಂಕಿನಿಂದ ಹೋದ ಹಣಕ್ಕೂ ಇನ್‌ವಾಯ್ಸಿಗೂ ತಾಳೆಯಾಗದಿದ್ದರೆ ಉಳಿಸಿದ್ದಕ್ಕಿಂತ ದಂಡವೇ ಹೆಚ್ಚಾದೀತು. ಮರದ ಪೆಟ್ಟಿಗೆಯಾದರೆ ಅದರ ಮೇಲೆ ಗೋಧಿತೆನೆಯ ಗುರುತಿರುವ ಮುದ್ರೆಯೂ ಅದರ ಪಕ್ಕದಲ್ಲಿ ಕೀಟ ಸಾಯುವಂತೆ ಮಾಡಿದ ಬಿಸಿ ಉಪಚಾರವನ್ನು ಸೂಚಿಸುವ ಎಚ್‌ಟಿ ಅಕ್ಷರಗಳೂ ಕಾಣುವಂತೆ ಫೋಟೊ ತರಿಸಿಕೊಳ್ಳಿ. ಮುದ್ರೆಯಿಲ್ಲದ ಅಗ್ಗದ ಹಲಗೆಯಲ್ಲಿ ಪ್ಯಾಕ್ ಮಾಡುವವನಿಂದ ನಾನಂತೂ ಕೊಳ್ಳುವುದಿಲ್ಲ.

ಹಣವೆಲ್ಲ ಸಂದಾಯವಾಗಿದ್ದರೆ ಟೆಲೆಕ್ಸ್ ರಿಲೀಸ್ ಕೇಳಿ, ಎಂದರೆ ಮೂಲ ಬಿಲ್ ಆಫ್ ಲೇಡಿಂಗ್ ತೋರಿಸದೆಯೇ ಸರಕು ಬಿಡುವ ವ್ಯವಸ್ಥೆಯನ್ನು ಮಾರಾಟಗಾರನಿಂದ ಮಾಡಿಸಿಕೊಳ್ಳಿ. ಮೂಲ ಬಿಲ್ ಆಫ್ ಲೇಡಿಂಗ್ ಕೊರಿಯರ್‌ನಲ್ಲಿ ಅಲೆಯುತ್ತಿದ್ದರೆ ಹಡಗು ಬಂದರೂ ಸರಕು ಬಿಡಿಸಿಕೊಳ್ಳುವ ಡೆಲಿವರಿ ಆರ್ಡರ್ ಸಿಗುವುದಿಲ್ಲ.

ಚೀನಾದಿಂದ ಬರುವ ಸರಕಿಗೆ, ಹಡಗು ತಲುಪುವ ಹಿಂದಿನ ದಿನ ಮುಗಿಯುವುದರೊಳಗೆ ಕ್ಲಿಯರಿಂಗ್ ಏಜೆಂಟರು (ನಮ್ಮ ಪರವಾಗಿ ಕಸ್ಟಮ್ಸ್ ಕೆಲಸ ನೋಡುವವರು) ಬಿಲ್ ಆಫ್ ಎಂಟ್ರಿ, ಎಂದರೆ ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ, ಸಲ್ಲಿಸಿರಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000 ರೂಪಾಯಿ ತೆರಬೇಕಾಗುತ್ತದೆ. ಗೋದಾಮಿನ ಬಾಡಿಗೆಯೂ ಕಂಟೇನರ್ ಹಿಂತಿರುಗಿಸಲು ತಡವಾದರೆ ಬೀಳುವ ಡಿಟೆನ್ಷನ್ ಶುಲ್ಕವೂ ಬೇರೆ. ಮೌಲ್ಯಮಾಪನ ಮಾಡುವ ಅಧಿಕಾರಿ ಈಗ ಬೇರೊಂದು ನಗರದಲ್ಲಿರಬಹುದಾದ್ದರಿಂದ ಪಣಂಬೂರಿನ ಕಚೇರಿಗೆ ಹೋಗಿ ಕುಳಿತು ಪ್ರಯೋಜನವಿಲ್ಲ. ಕೇಳಿದ ಪ್ರಶ್ನೆಗೆ ಅದೇ ದಿನ ಆನ್‌ಲೈನಿನಲ್ಲಿ ಉತ್ತರ ಹೋಗುವಂತೆ ಏಜೆಂಟರನ್ನು ಎಚ್ಚರಿಸುತ್ತಿರಿ.

ಸುಂಕದ ಹಣವನ್ನು ಮುಂಚೆಯೇ ತೆಗೆದಿಡಿ. ಸಾಗಣೆ ಮತ್ತು ವಿಮೆ ಸೇರಿ ಸರಕಿನ ಮೌಲ್ಯ 1,00,000 ರೂಪಾಯಿ, ಮೂಲ ಸುಂಕ ಶೇ. 7.5, ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಶೇ. 18 ಎಂದಿಟ್ಟುಕೊಂಡರೆ, ಸುಂಕ 7,500, ಅದರ ಶೇ. 10ರಷ್ಟು ಸಮಾಜ ಕಲ್ಯಾಣ ಮೇಲ್ತೆರಿಗೆ 750, ಇವೆಲ್ಲ ಸೇರಿದ 1,08,250ರ ಮೇಲೆ ಐಜಿಎಸ್‌ಟಿ 19,485, ಒಟ್ಟು 27,735 ರೂಪಾಯಿ. ಸಾಗಣೆ ವೆಚ್ಚದ ದಾಖಲೆ ಇಲ್ಲದಿದ್ದರೆ ಸರಕಿನ ಬೆಲೆಯ ಶೇ. 20ನ್ನು ಸಾಗಣೆಯೆಂದು ಹಿಡಿಯುತ್ತಾರೆ. ಆದ್ದರಿಂದ ಆ ಬಿಲ್ಲನ್ನು ಜೋಪಾನವಾಗಿಡಿ.

ನಮ್ಮ ಗಡಿಯವರು ಮರೆಯುವುದು ಕೊನೆಯದನ್ನು. ಪಣಂಬೂರಿನಿಂದ ತಲಪಾಡಿ ದಾಟಿದರೆ ರಾಜ್ಯವೇ ಬದಲಾಗುತ್ತದೆ. ಬಿಲ್ ಆಫ್ ಎಂಟ್ರಿಯಲ್ಲಿ 32ರಿಂದ ಆರಂಭವಾಗುವ ನಿಮ್ಮ ಕೇರಳದ ಜಿಎಸ್‌ಟಿ ಸಂಖ್ಯೆಯೇ ಇರಲಿ, 50,000 ರೂಪಾಯಿಗಿಂತ ಹೆಚ್ಚಿನ ಸರಕಾದರೆ ಲಾರಿ ಹೊರಡುವ ಮೊದಲೇ ಅದರ ಸಂಖ್ಯೆ ತುಂಬಿದ ಇ-ವೇ ಬಿಲ್ (ಸರಕು ಸಾಗಣೆಯ ಜಿಎಸ್‌ಟಿ ಪತ್ರ) ಚಾಲಕನ ಕೈಯಲ್ಲಿರಲಿ.