ಒಂದೇ ಮೆಟ್ಟಿಲಿಗೆ ಎರಡು ಎತ್ತರ

ಚಿಕ್ಕಬಳ್ಳಾಪುರದಲ್ಲಿರುವ ನನಗೆ ಭಾನುವಾರವೆಂದರೆ ನಂದಿಬೆಟ್ಟದ ಮೆಟ್ಟಿಲುಗಳು. ಬೆಳಿಗ್ಗೆ ಆರಕ್ಕೆ ಸುಲ್ತಾನ್‌ಪೇಟೆಯ ಕಡೆಯಿಂದ ಹತ್ತಲು ಶುರುಮಾಡಿ, ಮೇಲೆ ಸ್ವಲ್ಪ ಸುತ್ತಾಡಿ, ಒಂಬತ್ತೂವರೆಯ ಹೊತ್ತಿಗೆ ಅದೇ ಮೊದಲ ಮೆಟ್ಟಿಲಿಗೆ ಮರಳಿ ಬರುತ್ತೇನೆ. ವಾಯುಭಾರದ ಸೆನ್ಸರ್ ಇರುವ ಸ್ಪೋರ್ಟ್ಸ್ ವಾಚ್ ಕೊಂಡ ಮೇಲೆ ವಾರವಾರವೂ ಒಂದು ವಿಚಿತ್ರ ಕಾಣತೊಡಗಿತು. ಹೊರಡುವಾಗ ಆ ಮೆಟ್ಟಿಲಿಗೆ ವಾಚು ತೋರಿಸಿದ ಎತ್ತರಕ್ಕಿಂತ ಇಳಿದು ಬಂದಾಗ ತೋರಿಸುವ ಎತ್ತರ ಹದಿನೆಂಟು, ಇಪ್ಪತ್ತು ಮೀಟರ್ ಕಡಿಮೆ ಇರುತ್ತಿತ್ತು. ಒಮ್ಮೊಮ್ಮೆ ಹೆಚ್ಚು, ಒಮ್ಮೊಮ್ಮೆ ಕಡಿಮೆ ಎಂದಾಗಿದ್ದರೆ ಸುಮ್ಮನಾಗುತ್ತಿದ್ದೆ. ಆದರೆ ವ್ಯತ್ಯಾಸ ಪ್ರತಿ ಸಲವೂ ಒಂದೇ ದಿಕ್ಕಿನಲ್ಲಿತ್ತು.

ಜೊತೆಗೆ ಬರುವ ಅಣ್ಣನ ಮಗನ ವಾಚಿನಲ್ಲಿ ಈ ಸೆನ್ಸರ್ ಇಲ್ಲ, ಅದು ಜಿಪಿಎಸ್ ಒಂದನ್ನೇ ನಂಬುತ್ತದೆ. "ಚಿಕ್ಕಪ್ಪಾ, ಇಬ್ರೂ ಒಂದೇ ದಾರೀಲಿ ಹತ್ತಿದ್ವಲ್ಲ, ನಿಮ್ಮದ್ರಲ್ಲಿ ಯಾಕೆ ಇಷ್ಟು ಕಡಿಮೆ ಬಂದಿದೆ?" ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ವಾಚು ಕೆಟ್ಟಿದೆಯೆಂದು ಅಂಗಡಿಗೆ ಒಯ್ಯುವ ಮುನ್ನ ನಾನೇ ಪರೀಕ್ಷಿಸಿ ನೋಡೋಣವೆಂದು ನಿರ್ಧರಿಸಿದೆ.

ಮೊದಲು ಅರ್ಥಮಾಡಿಕೊಳ್ಳಬೇಕಾಗಿ ಬಂದದ್ದು, ಈ ವಾಚು ಎತ್ತರವನ್ನು ಅಳೆಯುವುದೇ ಇಲ್ಲ ಎಂಬುದನ್ನು. ಅದು ಅಳೆಯುವುದು ಗಾಳಿಯ ಒತ್ತಡವನ್ನು. ಮೇಲೆ ಹೋದಂತೆ ಒತ್ತಡ ಇಳಿಯುತ್ತದೆ. ನಮ್ಮ ಕಡೆಯ ಎತ್ತರದಲ್ಲಿ ಅದು ಒಂದು ಹೆಕ್ಟೋಪಾಸ್ಕಲ್ (ಗಾಳಿಯ ಒತ್ತಡದ ಅಳತೆಯ ಮಾನ) ಇಳಿದರೆ ಒಂಬತ್ತು ಮೀಟರಿನಷ್ಟು ಮೇಲೇರಿದಂತೆ ವಾಚು ಲೆಕ್ಕ ಹಾಕುತ್ತದೆ. ಆ ಒತ್ತಡ ನಾವು ಹತ್ತಿದ್ದರಿಂದ ಇಳಿಯಿತೋ, ಕುಳಿತಲ್ಲಿಯೇ ಹವೆ ಬದಲಾದದ್ದರಿಂದ ಇಳಿಯಿತೋ ಎಂಬುದನ್ನು ಸೆನ್ಸರ್ ತಾನಾಗಿ ಹೇಳಲಾರದು.

ಫೆಬ್ರವರಿಯ ಒಂದು ರಜೆಯ ದಿನ, ಮೋಡವಿಲ್ಲದ ಒಣಹವೆಯಲ್ಲಿ, ವಾಚನ್ನು ಮನೆಯ ಮೇಜಿನ ಮೇಲಿಟ್ಟು ಇಡೀ ದಿನ ಅಂಕಿಗಳನ್ನು ಬರೆದುಕೊಂಡೆ. ಇದಕ್ಕೆ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ತಾನೇ ಕ್ಯಾಲಿಬ್ರೇಟ್ ಮಾಡಿಕೊಳ್ಳುವ ಆಯ್ಕೆಯನ್ನು ನಿಲ್ಲಿಸಿ, ಸೆನ್ಸರನ್ನು ಎತ್ತರದ ಮೋಡ್‌ಗೆ ಹಾಕಿದ್ದೆ. ಇಲ್ಲವಾದರೆ ಕೆಲವು ವಾಚುಗಳು ಅಲುಗಾಡದಿರುವುದನ್ನು ಗಮನಿಸಿ, ಒತ್ತಡದ ಬದಲಾವಣೆ ಹವೆಯದ್ದೆಂದು ತೀರ್ಮಾನಿಸಿ ಎತ್ತರವನ್ನು ಹಾಗೆಯೇ ಹಿಡಿದಿಡುತ್ತವೆ. ಬೆಳಿಗ್ಗೆ ಹತ್ತಕ್ಕೆ ಮೇಜಿನ ಎತ್ತರ 908 ಮೀಟರ್. ಮಧ್ಯಾಹ್ನ ಒಂದಕ್ಕೆ 925, ಸಂಜೆ ನಾಲ್ಕಕ್ಕೆ 941. ರಾತ್ರಿ ಹತ್ತಕ್ಕೆ ಮತ್ತೆ ಇಳಿದು 918. ಮೇಜು ಕದಲಿರಲಿಲ್ಲ, ಮಳೆಗಾಳಿಯೂ ಇರಲಿಲ್ಲ. ಮಾರನೆಯ ದಿನವೂ ಹೆಚ್ಚುಕಡಿಮೆ ಇದೇ ಏರಿಳಿತ ಕಂಡಿತು.

ಸಮುದ್ರಕ್ಕೆ ಭರತ ಇಳಿತಗಳಿರುವಂತೆ ವಾತಾವರಣಕ್ಕೂ ಇವೆ. ಮುಖ್ಯವಾಗಿ ಬಿಸಿಲಿನ ಕಾವಿನಿಂದ ಹುಟ್ಟುವ ಈ ಉಬ್ಬರ ದಿನಕ್ಕೆ ಎರಡು ಬಾರಿ ಬರುತ್ತದೆ. ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಒತ್ತಡ ಹೆಚ್ಚು, ನಸುಕಿನ ಮತ್ತು ಸಂಜೆಯ ನಾಲ್ಕರ ಸುಮಾರಿಗೆ ಕಡಿಮೆ. ಉಷ್ಣವಲಯದಲ್ಲಿ ಇದು ಎದ್ದು ಕಾಣುತ್ತದೆ. ಹತ್ತರಿಂದ ನಾಲ್ಕರೊಳಗೆ ಮೂರರಿಂದ ನಾಲ್ಕು ಹೆಕ್ಟೋಪಾಸ್ಕಲ್, ಎಂದರೆ ಮೂವತ್ತು ಮೀಟರಿನ ಆಸುಪಾಸು. ಸುಲ್ತಾನ್‌ಪೇಟೆಯ ಮೆಟ್ಟಿಲಿನ ಒಗಟು ಅಲ್ಲಿಗೆ ಬಿಡಿಸಿತು. ನಾನು ಹೊರಡುವ ಆರರಿಂದ ಮರಳುವ ಒಂಬತ್ತೂವರೆಯವರೆಗೆ ಒತ್ತಡ ಏರುತ್ತಲೇ ಇರುತ್ತದೆ, ವಾಚು ಅದನ್ನು ನಾನು ಕೆಳಗಿಳಿದೆನೆಂದು ಓದುತ್ತದೆ. ವಾಚಿನಲ್ಲಿ ದೋಷವಿರಲಿಲ್ಲ. ಅದು ಬೆಳಗಿನ ಉಬ್ಬರವನ್ನು ನನಗಿಂತ ಚೆನ್ನಾಗಿ ನೋಡುತ್ತಿತ್ತು.

ಇಷ್ಟು ತಿಳಿದ ಮೇಲೆ ಎತ್ತರ ಗೊತ್ತಿರುವ ಜಾಗದಲ್ಲಿ ವಾಚನ್ನು ಹೊಂದಿಸಬೇಕಲ್ಲ, ಅದಕ್ಕೆ ನಮ್ಮ ರೈಲು ನಿಲ್ದಾಣಗಳ ಹಳದಿ ಫಲಕಗಳಷ್ಟು ಅನುಕೂಲವಾದದ್ದು ಬೇರೊಂದಿಲ್ಲ. ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಇರುವ ಎತ್ತರವನ್ನು ಬರೆದಿರುತ್ತಾರೆ. ನಾನು ಚಿಕ್ಕಬಳ್ಳಾಪುರ ನಿಲ್ದಾಣದಲ್ಲಿ ನಿಂತು ಆ ಅಂಕಿಯನ್ನೇ ವಾಚಿಗೆ ಕೊಟ್ಟೆ. ಬಳಿಕ ಒತ್ತಡ ಹೆಚ್ಚೇನೂ ಕದಲದ ಒಂಬತ್ತೂವರೆಯಿಂದ ಹತ್ತೂವರೆಯ ನಡುವಿನ ಹೊತ್ತನ್ನು ಆರಿಸಿಕೊಂಡು, ಬೈಕಿನಲ್ಲಿ ನೇರವಾಗಿ ನಂದಿಬೆಟ್ಟಕ್ಕೆ ಹೋಗಿ ನೆತ್ತಿ ತಲುಪಿದೆ. ಬೆಟ್ಟದ ಎತ್ತರ 1478 ಮೀಟರ್. ವಾಚು ತೋರಿಸಿದ್ದು 1448.

ಉಬ್ಬರದ ಪಾಲನ್ನು ಕಳೆದ ಮೇಲೂ ಮೂವತ್ತು ಮೀಟರ್ ಕೊರತೆ ಉಳಿದದ್ದು ನನ್ನನ್ನು ಹಲವು ದಿನ ಕಾಡಿತು. ಕಾರಣ ತಾಪಮಾನ. ವಾಚಿನ ಲೆಕ್ಕವು ಒಂದು ಪ್ರಮಾಣಿತ ವಾತಾವರಣವನ್ನು ಆಧರಿಸಿದೆ. ಅದರ ಪ್ರಕಾರ ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ಇದ್ದು, ಪ್ರತಿ ಕಿಲೋಮೀಟರಿಗೆ 6.5 ಡಿಗ್ರಿ ಇಳಿಯುತ್ತದೆ. ಹಾಗಾಗಿ 1200 ಮೀಟರ್ ಎತ್ತರದಲ್ಲಿ ಏಳು ಡಿಗ್ರಿ ಚಳಿ ಇರುತ್ತದೆಂದು ವಾಚು ಎಣಿಸಿರುತ್ತದೆ. ನಮ್ಮ ಬೆಟ್ಟದಲ್ಲಿ ಆ ದಿನ ಇಪ್ಪತ್ತೆರಡು ಇಪ್ಪತ್ತಮೂರು ಡಿಗ್ರಿ ಇತ್ತು. ಬಿಸಿಗಾಳಿ ಹಗುರ, ಆದ್ದರಿಂದ ಅದರಲ್ಲಿ ಅಷ್ಟೇ ಒತ್ತಡ ಇಳಿಯಬೇಕಾದರೆ ನಾವು ಇನ್ನಷ್ಟು ಮೇಲಕ್ಕೆ ಹತ್ತಬೇಕು. ಈ ವ್ಯತ್ಯಾಸ ಸುಮಾರು ಮೂರು ಡಿಗ್ರಿಗೆ ಶೇಕಡ ಒಂದರಂತೆ ಬರುತ್ತದೆ. ಐನೂರೈವತ್ತು ಮೀಟರ್ ಮೀರಿದ ಏರಿಕೆಯಲ್ಲಿ ಶೇಕಡ ಐದಕ್ಕಿಂತ ತುಸು ಹೆಚ್ಚೆಂದರೆ ಸರಿಯಾಗಿ ಆ ಮೂವತ್ತು ಮೀಟರ್. ನಮ್ಮಲ್ಲಿ ಹತ್ತುವವರು ನಿಜವಾಗಿ ಹತ್ತಿದ್ದಕ್ಕಿಂತ ಕಡಿಮೆ ಅಂಕಿಯನ್ನೇ ಮನೆಗೆ ಒಯ್ಯುತ್ತಾರೆ, ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಂದು ನನಗೆ ಅನ್ನಿಸಿದೆ. ವಾಚಿನಲ್ಲಿ ತಾಪಮಾಪಕವಿದ್ದರೂ ಕೈಗೆ ಕಟ್ಟಿಕೊಂಡಾಗ ಅದು ಮೈಶಾಖವನ್ನು ಓದುವುದರಿಂದ ಈ ತಿದ್ದುಪಡಿಗೆ ಉಪಯೋಗಕ್ಕೆ ಬರುವುದಿಲ್ಲ.

ಜಿಪಿಎಸ್ ಎತ್ತರವನ್ನೇ ನಂಬಬಹುದಲ್ಲ ಎಂಬುದು ಅಣ್ಣನ ಮಗನ ವಾದವಾಗಿತ್ತು. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲಷ್ಟೇ ಇದ್ದು, ಕಾಲ ಕೆಳಗೆ ಒಂದೂ ಇಲ್ಲದಿರುವುದರಿಂದ ಎತ್ತರದ ತಪ್ಪು ಸಾಮಾನ್ಯವಾಗಿ ಅಡ್ಡಳತೆಯ ತಪ್ಪಿಗಿಂತ ದೊಡ್ಡದು. ಬಂಡೆಯ ಪಕ್ಕದಲ್ಲಿ, ಮರಗಳ ಕೆಳಗೆ ಸಾಗುವಾಗ ಅದು ಇನ್ನೂ ಹೆಚ್ಚುತ್ತದೆ. ಅಂಕಿ ಮೇಲೆ ಕೆಳಗೆ ತೂಗಾಡಿದಷ್ಟೂ ಒಟ್ಟು ಏರಿಕೆ ಸುಮ್ಮನೆ ಬೆಳೆಯುತ್ತದೆ. ಮೊಬೈಲಿನ ಒಂದು ಆ್ಯಪ್‌ನಲ್ಲಿ ನಾನು ನೋಡಿದ ಎತ್ತರ ಎಂಬತ್ತೈದು ಮೀಟರಿನಷ್ಟು ಕಡಿಮೆಯಿತ್ತು. ಜಿಪಿಎಸ್ ಎಣಿಸುವ ನಯವಾದ ಗಣಿತದ ಭೂಮಿಗಿಂತ ನಮ್ಮ ಭಾಗದ ಸಮುದ್ರಮಟ್ಟ ಅಷ್ಟು ಕೆಳಗಿದೆ, ಆ ಆ್ಯಪ್ ಅದನ್ನು ಸರಿದೂಗಿಸಿರಲಿಲ್ಲ. ಓಟ ಮುಗಿದ ಮೇಲೆ ಭೂಪಟದ ಎತ್ತರಗಳಿಂದ ತಿದ್ದುವ ಸೌಲಭ್ಯವನ್ನೂ ಬಳಸಿದ್ದೇನೆ. ಹೀಗೆ ತಿದ್ದಲು ಸಾಮಾನ್ಯವಾಗಿ ಬಳಸುವ ಒಂದು ಮಾಹಿತಿಯನ್ನು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಹನ್ನೊಂದು ದಿನಗಳಲ್ಲಿ ಅಳೆಯಲಾಗಿದ್ದು, ಅದರಲ್ಲಿ ಸುಮಾರು ಮೂವತ್ತು ಮೀಟರಿನ ಚೌಕಕ್ಕೆ ಒಂದೇ ಎತ್ತರ. ಗೌರಿಬಿದನೂರು ರಸ್ತೆಯ ಓಟಕ್ಕೆ ಅದು ಸಾಕು. ಟಿಪ್ಪು ಡ್ರಾಪ್‌ನಂಥ ಕಡಿದಾದ ಅಂಚಿನಲ್ಲಿ ದಾರಿಯ ಗೆರೆ ನಾಲ್ಕು ಹೆಜ್ಜೆ ಸರಿದರೂ ಪಕ್ಕದ ಚೌಕದ ಅಂಕಿ ಬಂದು, ನಾನು ಪ್ರಪಾತಕ್ಕೆ ಇಳಿದು ಹತ್ತಿದಂತೆ ನಮೂದಾಗುತ್ತದೆ.

ನಿಜವಾದ ದೋಷ ಒಂದೇ ಬಾರಿ ಎದುರಾಯಿತು. ಅರ್ಧ ದಾರಿಯಲ್ಲಿ ಅಂಕಿ ಒಂದೇ ಕಡೆ ನಿಂತು, ನಂತರ ಇದ್ದಕ್ಕಿದ್ದಂತೆ ನಲವತ್ತು ಮೀಟರ್ ಜಿಗಿಯಿತು. ಮನೆಗೆ ಬಂದು ಬಿಸಿಲಿಗೆ ಹಿಡಿದು ನೋಡಿದರೆ, ವಾಚಿನ ಪಕ್ಕದ ಸಾಸಿವೆಗಿಂತ ಸಣ್ಣ ರಂಧ್ರಗಳಲ್ಲಿ ಬೆವರಿನ ಉಪ್ಪು ಬಿಳಿಯಾಗಿ ಗಟ್ಟಿಕಟ್ಟಿತ್ತು. ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ನಿಮಿಷ ಅದ್ದಿಟ್ಟು, ಮೆಲ್ಲಗೆ ಅಲುಗಿಸಿ, ನೆರಳಿನಲ್ಲಿ ಒಣಗಿಸಿದೆ. ಸೂಜಿಯನ್ನು ಮಾತ್ರ ಹಾಕಬಾರದು, ಒಳಗಿನ ತೆಳುಪೊರೆ ಹರಿದರೆ ಸೆನ್ಸರ್ ಹೋದಂತೆಯೇ.

ಈಗ ಪ್ರತಿ ಭಾನುವಾರ ಮೊದಲ ಮೆಟ್ಟಿಲಿನಲ್ಲಿ ನಿಂತು, ಅಲ್ಲಿಯ ಎತ್ತರವನ್ನು ವಾಚಿಗೆ ಕೊಟ್ಟೇ ಹೊರಡುತ್ತೇನೆ. ಬೆಟ್ಟದ ತುದಿಯಲ್ಲಿ ಹತ್ತರ ಹೊತ್ತಿಗೆ 1478 ಎಂದು ಹೊಂದಿಸಿ, ಬೇಗಬೇಗ ಇಳಿದು, ತಾಪಮಾನದ ತಿದ್ದುಪಡಿ ಸೇರಿಸಿ, ನಾಲ್ಕು ವಾರಗಳ ಸರಾಸರಿಯಿಂದ ಆ ಮೆಟ್ಟಿಲಿನ ಎತ್ತರವನ್ನು ಕಂಡುಕೊಂಡಿದ್ದೆ. ಮೇಲೆ ತಲುಪಿದಾಗ ಇನ್ನೊಮ್ಮೆ ಹೊಂದಿಸುವುದಿಲ್ಲ. ಓಟದ ನಡುವೆ ಹಾಗೆ ಮಾಡಿದರೆ ಆ ಜಿಗಿತವೂ ಏರಿಕೆಯಾಗಿ ಸೇರಬಹುದು. ತುದಿಯ ಅಂಕಿ, ಮರಳಿದಾಗಿನ ಅಂಕಿ, ಸಮಯ ಮತ್ತು ಗಾಳಿಯ ತಾಪಮಾನವನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ. ಕಳೆದ ವಾರ ಮೊದಲ ಮೆಟ್ಟಿಲಿಗೆ ಮರಳಿದಾಗ ಹದಿನೇಳು ಮೀಟರ್ ಕಡಿಮೆ ಬಂದಿತ್ತು. ಹೊತ್ತು ಒಂಬತ್ತು ಗಂಟೆ ಇಪ್ಪತ್ತು ನಿಮಿಷ.