ಬೆಳಕಿನ ಸ್ವಿಚ್ಚಿನ ವೇಗ ಅಳೆಯುವುದು ಹೇಗೆ?

ಪುಟ್ಟ ಕನ್ನಡಿಗಳನ್ನು ವಾಲಿಸಿ ಬೆಳಕಿನ ದಾರಿ ಬದಲಿಸುವ ಮೆಮ್ಸ್ ಸ್ವಿಚ್ಚಿಗೆ ಮಿಲಿಸೆಕೆಂಡುಗಳು ಬೇಕು. ಸೆಕೆಂಡಿಗೆ 10 ಗಿಗಾಬಿಟ್ ಹರಿಯುವ ಫೈಬರಿನಲ್ಲಿ 10 ಮಿಲಿಸೆಕೆಂಡ್ ಎಂದರೆ 10 ಕೋಟಿ ಬಿಟ್. ತುಂಡಾದ ಫೈಬರಿನಿಂದ ಬೇರೊಂದಕ್ಕೆ ಸಂಕೇತ ತಿರುಗಿಸಲು ಈ ವೇಗ ಸಾಕು. ಮಾಹಿತಿಯ ಪುಟ್ಟ ಕಂತೆಗೆ, ಎಂದರೆ ಪ್ಯಾಕೆಟ್ಟಿಗೆ, ಒಂದೊಂದು ದಾರಿ ತೋರಿಸಲು ಸಾಲದು. ಅಲ್ಲಿ ಬೆಳಕನ್ನು ಎರಡಾಗಿ ಸೀಳಿ ಮತ್ತೆ ಕೂಡಿಸುವ, ಲಿಥಿಯಂ ನಯೋಬೇಟ್ ಹರಳಿನ ಮ್ಯಾಕ್-ಝೆಂಡರ್ ಸ್ವಿಚ್ ಬೇಕು. ವೋಲ್ಟೇಜ್ ಬಿದ್ದೊಡನೆ ಹರಳಿನ ವಕ್ರೀಭವನಾಂಕ ಬದಲಾಗಿ, ನ್ಯಾನೊಸೆಕೆಂಡಿನೊಳಗೇ ಬೆಳಕು ಹೊರಳುತ್ತದೆ. ಇದನ್ನು ಅಳೆಯಹೊರಟವರ ಕೈಗೆ ಎಷ್ಟೋ ಸಲ ಸಿಗುವುದು ಸ್ವಿಚ್ಚಿನ ವೇಗವಲ್ಲ, ಉಪಕರಣದ ವೇಗ.

ಲೇಸರ್ ಆರಿಸಿಟ್ಟೇ ಕೆಲಸ ಶುರು ಮಾಡಿ. 1550 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಪೆಟ್ಟು ಕೊಡಬಲ್ಲದು. ಕನೆಕ್ಟರ್ ತುದಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಒರೆಸಿ, ಮತ್ತೆ ನೋಡಿ. ಬೆಳಕು ಸಾಗುವ ತಿರುಳು ಸುಮಾರು 9 ಮೈಕ್ರಾನ್ ಅಗಲ, ಒಂದು ಧೂಳಿನ ಕಣ ಸಾಕು ಅದನ್ನು ಮುಚ್ಚಲು. ತುದಿ 8 ಡಿಗ್ರಿ ಓರೆಯಿರುವ ಹಸಿರು ಕನೆಕ್ಟರಿಗೆ ಓರೆಯಿಲ್ಲದ ನೀಲಿಯದನ್ನು ಎಂದೂ ಸಿಕ್ಕಿಸಬೇಡಿ.

ಲೇಸರ್, ಧ್ರುವೀಕರಣ ನಿಯಂತ್ರಕ (ಬೆಳಕಿನ ಅಲೆ ಕಂಪಿಸುವ ದಿಕ್ಕನ್ನು ತಿದ್ದುವುದು), ಸ್ವಿಚ್, ಫೋಟೋಡಯೋಡ್ (ಬೆಳಕನ್ನು ವಿದ್ಯುತ್ತಾಗಿಸುವುದು), ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆಯಲ್ಲಿ ತೋರಿಸುವುದು): ಜೋಡಿಸುವ ಕ್ರಮ ಇದು. ಫೋಟೋಡಯೋಡಿಗೆ 1 ಮಿಲಿವ್ಯಾಟ್ ದಾಟಿಸಬೇಡಿ.

ಬಯಾಸನ್ನು, ಎಂದರೆ ಸ್ವಿಚ್ಚಿಗೆ ಕೊಟ್ಟಿಡುವ ಸ್ಥಿರ ವೋಲ್ಟೇಜನ್ನು, ನಿಧಾನಕ್ಕೆ ಏರಿಸುತ್ತ, ಒಂದು ಹೊರದಾರಿಯಲ್ಲಿ ಬೆಳಕು ಅತಿ ಹೆಚ್ಚಿರುವ ಮತ್ತು ಅತಿ ಕಡಿಮೆಯಿರುವ ಬಿಂದುಗಳನ್ನು ಬರೆದುಕೊಳ್ಳಿ. ಅವೆರಡರ ಅಂತರವೇ ಪಲ್ಸಿಗೆ ಬೇಕಾದ ವೋಲ್ಟೇಜ್. ಕನಿಷ್ಠವು ಗರಿಷ್ಠದ ನೂರರಲ್ಲೊಂದು ಪಾಲಿಗೆ, ಎಂದರೆ 20 ಡೆಸಿಬೆಲ್ ಕೆಳಗೆ, ಇಳಿಯದಿದ್ದರೆ ಮೊದಲು ಧ್ರುವೀಕರಣವನ್ನೇ ಅನುಮಾನಿಸಿ. ಬಿಸಿ ಏರಿಳಿದಾಗ ಈ ಬಿಂದುಗಳು ಜಾರುತ್ತವೆ. ಹಾಗಾಗಿ ಅಳತೆಗೆ ಸ್ವಲ್ಪ ಮುಂಚೆ ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಈಗ ಬಯಾಸನ್ನು ಕನಿಷ್ಠ ಬಿಂದುವಿನಲ್ಲಿ ನಿಲ್ಲಿಸಿ, ಪಲ್ಸ್ ಜನರೇಟರಿನಿಂದ ಸ್ವಿಚ್ಚಿಗೆ ಆ ವೋಲ್ಟೇಜಿನ 1 ಮೆಗಾಹರ್ಟ್ಸ್ ಚೌಕ ಪಲ್ಸ್ ಕೊಡಿ. ಆಸಿಲೋಸ್ಕೋಪಿನ ಇನ್‌ಪುಟ್ 50 ಓಮ್ ಇರಲೇಬೇಕು. ಅದು 1 ಮೆಗಾಓಮ್‌ನಲ್ಲಿದ್ದರೆ, ಮೀಟರ್ ಕೇಬಲ್ಲಿನ 100 ಪಿಕೊಫ್ಯಾರಡ್ ಸೇರಿ ಕಾಲಸ್ಥಿರಾಂಕ 100 ಮೈಕ್ರೋಸೆಕೆಂಡಿಗೆ ಏರುತ್ತದೆ. ಚುರುಕಾದ ಸ್ವಿಚ್ ಕೂಡ ಸೋಮಾರಿಯಂತೆ ಕಾಣುತ್ತದೆ. ತರಂಗ 10ರಿಂದ 90 ಪ್ರತಿಶತಕ್ಕೆ ಏರುವ ಸಮಯ ಓದಿ. ಇಳಿಯುವ ಸಮಯವನ್ನೂ ಓದಿ, ಅದು ಬೇರೆಯೇ ಇರಬಹುದು.

ಆಸಿಲೋಸ್ಕೋಪಿನದೇ ಏರಿಕೆ ಸಮಯ ಎಂದರೆ 0.35 ಭಾಗಿಸು ಅದರ ಬ್ಯಾಂಡ್‌ವಿಡ್ತ್. 500 ಮೆಗಾಹರ್ಟ್ಸ್‌ನದಕ್ಕೆ 0.7 ನ್ಯಾನೊಸೆಕೆಂಡ್. ಪರದೆಯಲ್ಲಿ 1 ನ್ಯಾನೊಸೆಕೆಂಡ್ ಕಂಡರೆ ವರ್ಗಗಳನ್ನು ಕಳೆದು ವರ್ಗಮೂಲ ತೆಗೆಯಿರಿ: ಉಳಿಯುವುದು ಸುಮಾರು 0.71. ಪಲ್ಸ್ ಜನರೇಟರ್ ಮತ್ತು ಫೋಟೋಡಯೋಡಿನ ಪಾಲನ್ನೂ ಹೀಗೇ ಕಳೆಯಬೇಕು.

ಫೈಬರಿನಲ್ಲಿ ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್ ತಡವಿದೆ. ಅದನ್ನು ಏರಿಕೆಯ ಸಮಯಕ್ಕೆ ಸೇರಿಸಬೇಡಿ. ಪ್ಯಾಕೆಟ್ ಬರುವ ಮೊದಲೇ ಸ್ವಿಚ್ಚಿಗೆ ಆಜ್ಞೆ ಎಷ್ಟು ಮುಂಚೆ ತಲುಪಬೇಕೆಂಬ ಲೆಕ್ಕದಲ್ಲಿ ಹಿಡಿಯಿರಿ.