ಕಾಯಿಲೆ ಬಂತೆಂದು ರಾಜೀನಾಮೆ ಬೇಡ: ಕೆಲಸ ಉಳಿಸಿಕೊಳ್ಳುವುದು ಹೀಗೆ

ಪಾರ್ಶ್ವವಾಯು, ಅಪಘಾತ, ಕಿಡ್ನಿ ತೊಂದರೆ, ಕ್ಷಯ, ಖಿನ್ನತೆ. ಯಾವುದೇ ಬರಲಿ, ಆಸ್ಪತ್ರೆಯಿಂದ ಮನೆಗೆ ಬಂದ ಕೆಲವೇ ದಿನಗಳಲ್ಲಿ ಒಂದು ಮಾತು ಶುರುವಾಗುತ್ತದೆ: ‘ಇನ್ನು ಆ ಕೆಲಸ ನಿನ್ನ ಕೈಲಾಗಲ್ಲ, ಬಿಟ್ಟುಬಿಡು.’ ಹೇಳುವವರು ಹೆಚ್ಚಾಗಿ ಮನೆಯವರೇ. ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಆ ಹೊತ್ತಿನಲ್ಲಿ ಬರೆದುಕೊಟ್ಟ ಒಂದು ಹಾಳೆ ಸಂಬಳವನ್ನು ಮಾತ್ರವಲ್ಲ, ಕಾನೂನು ಕೊಡುವ ರಕ್ಷಣೆಯನ್ನೂ ತೆಗೆದುಕೊಂಡು ಹೋಗುತ್ತದೆ. ಬಿಟ್ಟ ಕೆಲಸವನ್ನು ಮತ್ತೆ ಪಡೆಯುವುದು ಎಷ್ಟು ಕಷ್ಟ ಎಂಬುದು ಗೊತ್ತಾಗುವಾಗ ತಡವಾಗಿರುತ್ತದೆ. ಕಾಯಿಲೆ ಬಿದ್ದವರು, ಅವರ ಮನೆಯವರು, ಜೊತೆಗೆ ಅವರ ಸೂಪರ್‌ವೈಸರ್ ಕೂಡ ಏನೇನು ಮಾಡಬಹುದು ಎಂದು ಇಲ್ಲಿ ಒಂದೊಂದಾಗಿ ನೋಡೋಣ.

1. ಯಾವ ಕಾಗದಕ್ಕೂ ಅವಸರದಲ್ಲಿ ಸಹಿ ಹಾಕಬೇಡಿ

‘ಸದ್ಯಕ್ಕೆ ರಾಜೀನಾಮೆ ಕೊಡಿ, ಹುಷಾರಾದ ಮೇಲೆ ಬನ್ನಿ, ಮತ್ತೆ ತಗೋತೀವಿ’ ಎಂದು ಹೇಳುವ ಕಡೆಗಳಿವೆ. ಆ ಮಾತು ನಿಜವೇ ಇರಬಹುದು, ಆದರೆ ಬಾಯಿಮಾತಿಗೆ ದಾಖಲೆ ಇರುವುದಿಲ್ಲ. ರಾಜೀನಾಮೆಯ ಬದಲು ರಜೆ ಅರ್ಜಿ ಕೊಡಿ. ನಿಮ್ಮಿಂದ ಆಗದಿದ್ದರೆ ಮನೆಯವರು ಕೊಡಲಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೂ ಸರಿ, ಮೇಲ್ ಅಥವಾ ಸ್ಪೀಡ್ ಪೋಸ್ಟ್‌ನಲ್ಲೂ ಒಂದು ಪ್ರತಿ ಹೋಗಲಿ. ಹೇಳದೆ ಕೇಳದೆ ಗೈರಾದರೆ ಅದನ್ನೇ ಕಾರಣ ಮಾಡಿ ತೆಗೆದುಹಾಕುವುದು ಸುಲಭವಾಗುತ್ತದೆ.

2. ರಜೆಯ ದಿನಗಳಿಗೆ ಹಣ ಎಲ್ಲಿಂದ?

ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರಿಗೆ ಇಲ್ಲಿ ದೊಡ್ಡ ಆಸರೆ ಇದೆ. ತಿಂಗಳಿಗೆ 21,000 ರೂಪಾಯಿವರೆಗೆ (ಅಂಗವಿಕಲರಾದರೆ 25,000) ಸಂಬಳ ಇರುವವರು ಇದರೊಳಗೆ ಬರುತ್ತಾರೆ. ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70ರಷ್ಟು ಸಿಗುತ್ತದೆ. ಇದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನ ವಂತಿಗೆ ಕಟ್ಟಿರಬೇಕು. ಕ್ಷಯ, ಕ್ಯಾನ್ಸರ್, ಪಾರ್ಶ್ವವಾಯು ಸೇರಿದಂತೆ 34 ದೀರ್ಘಕಾಲದ ಕಾಯಿಲೆಗಳ ಪಟ್ಟಿಯೊಂದಿದೆ. ಆ ಕಾಯಿಲೆಗಳಿಗೆ ಶೇ 80ರಂತೆ ಎರಡು ವರ್ಷದವರೆಗೂ ಕೊಡಲು ಅವಕಾಶ ಇದೆ, ಆದರೆ ಕನಿಷ್ಠ ಎರಡು ವರ್ಷ ಇಎಸ್‌ಐ ಇರುವ ಕೆಲಸದಲ್ಲಿದ್ದು ವಂತಿಗೆ ಕಟ್ಟಿರಬೇಕು. ಕೆಲಸ ಮಾಡುವಾಗಲೇ ಪೆಟ್ಟಾಗಿದ್ದರೆ ಗುಣವಾಗುವವರೆಗೆ ಶೇ 90ರಷ್ಟು ಸಿಗುತ್ತದೆ.

ಇಷ್ಟೆಲ್ಲ ಇದ್ದರೂ ಎಷ್ಟೋ ಜನ 91 ದಿನದ ಮಾತನ್ನಷ್ಟೇ ಕೇಳಿ ಸುಮ್ನೆ ವಾಪಸ್ ಬರುತ್ತಾರೆ. ನಿಮ್ಮ ಕಾಯಿಲೆ 34ರ ಪಟ್ಟಿಯಲ್ಲಿದೆಯೇ ಎಂದು ಇಎಸ್‌ಐ ವೈದ್ಯರನ್ನೇ ಕೇಳಿ. ಕೇಳಿದವರಿಗೆ ಮಾತ್ರ ಇದು ಸಿಗುವುದು ಎಂಬುದು ನನಗೆ ಬಹಳ ಬೇಸರದ ಸಂಗತಿ.

3. ವೈದ್ಯರಿಂದ ಬೇರೆ ರೀತಿಯ ಪತ್ರ ಬರೆಸಿಕೊಳ್ಳಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ ಎಂದು ನನ್ನ ನಂಬಿಕೆ. ಸಾಮಾನ್ಯವಾಗಿ ವೈದ್ಯರು ಎರಡರಲ್ಲಿ ಒಂದು ಬರೆಯುತ್ತಾರೆ: ‘ಫಿಟ್’ ಅಥವಾ ‘ಅನ್‌ಫಿಟ್’. ಮನುಷ್ಯನ ದೇಹ ಹಾಗೆ ಎರಡೇ ಭಾಗವಾಗಿ ಇರುವುದಿಲ್ಲ, ಅಲ್ವಾ? ಬೆನ್ನಿನ ಡಿಸ್ಕ್ ಜಾರಿದವರು ಭಾರ ಎತ್ತುವಂತಿಲ್ಲ, ಆದರೆ ಎತ್ತರದ ಮೇಜಿನ ಮುಂದೆ ನಿಂತು ಬಟ್ಟೆ ಚೆಕಿಂಗ್ ಮಾಡಬಲ್ಲರು. ‘ಅನ್‌ಫಿಟ್’ ಎಂಬ ಒಂದು ಪದ ಆ ಚೆಕಿಂಗ್ ಕೆಲಸವನ್ನೂ ಕಿತ್ತುಕೊಳ್ಳುತ್ತದೆ.

ಆದ್ದರಿಂದ ವೈದ್ಯರ ಬಳಿಗೆ ಹೋಗುವಾಗ ನಿಮ್ಮ ಕೆಲಸದ ಒಂದು ದಿನವನ್ನು ಬರೆದುಕೊಂಡು ಹೋಗಿ. ಎಷ್ಟು ಹೊತ್ತು ನಿಲ್ಲುತ್ತೀರಿ, ಎಷ್ಟು ಕೆಜಿ ಎತ್ತುತ್ತೀರಿ, ಮೆಟ್ಟಿಲು ಎಷ್ಟು, ರಾತ್ರಿ ಪಾಳಿ ಇದೆಯೇ, ಶೌಚಾಲಯಕ್ಕೆ ಹೋಗಲು ಬಿಡುವು ಸಿಗುತ್ತದೆಯೇ, ಎಲ್ಲವೂ ಇರಲಿ. ಆಮೇಲೆ ಪತ್ರದಲ್ಲಿ ಮೂರು ವಿಷಯ ಬರೆಯಲು ಕೇಳಿ: ಈಗ ಏನು ಮಾಡಬಹುದು, ಏನು ಮಾಡಬಾರದು, ಮತ್ತೆ ಯಾವಾಗ ಪರೀಕ್ಷೆ. ಕಾಯಿಲೆಯ ಹೆಸರು ಆ ಪತ್ರದಲ್ಲಿ ಬೇಕೇ ಬೇಕು ಎಂದೇನಿಲ್ಲ. ಮಾನಸಿಕ ಕಾಯಿಲೆ ಇರುವವರಿಗೆ ಇದು ಜಾಸ್ತಿ ಮುಖ್ಯ. ‘ಬೆಳಗಿನ ಹೊತ್ತು ಔಷಧಿಯಿಂದ ಮಂಪರು ಇರುತ್ತದೆ, ಎರಡು ತಿಂಗಳು ಹತ್ತು ಗಂಟೆಯ ಮೇಲೆ ಕೆಲಸ ಶುರುವಾಗಲಿ’ ಎಂದು ಬರೆದರೆ ಸಾಕು, ಸೂಪರ್‌ವೈಸರ್‌ಗೆ ಬೇಕಾದದ್ದು ಅಷ್ಟೇ.

4. ಕೆಲಸವನ್ನು ಬಿಡಿಸಿ ನೋಡಿ, ಬೇಕಾದ್ದನ್ನು ಬರೆದು ಕೇಳಿ

‘ನನಗೆ ಲೈಟ್ ಡ್ಯೂಟಿ ಕೊಡಿ’ ಎಂದಷ್ಟೇ ಕೇಳಿದರೆ ‘ಇಲ್ಲಿ ಲೈಟ್ ಡ್ಯೂಟಿ ಇಲ್ಲ’ ಎಂಬ ಉತ್ತರ ಬರುತ್ತದೆ. ಅದರ ಬದಲು ಇಡೀ ಕೆಲಸದಲ್ಲಿ ತೊಡಕಾಗುವ ತುಂಡು ಯಾವುದು ಎಂದು ಹುಡುಕಿ. ಹತ್ತು ಕೆಲಸದಲ್ಲಿ ಎಂಟು ಮೊದಲಿನಂತೆಯೇ ಆಗುತ್ತಿರಬಹುದು. ಉಳಿದ ಎರಡಕ್ಕೆ ದಾರಿ ಹುಡುಕಿದರೆ ಮುಗಿಯಿತು.

ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಇದ್ದರೆ ಒಂದೊಂದು ಸಲಕ್ಕೂ ಸುಮಾರು ನಾಲ್ಕು ಗಂಟೆ ಬೇಕು. ಆ ದಿನಗಳಿಗೆ ಪಾಳಿ ಬದಲಾದರೆ ಉಳಿದ ದಿನ ಕೆಲಸ ಸಾಗುತ್ತದೆ. ಮೂರ್ಛೆರೋಗ ಇರುವವರಿಗೆ ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಾಧ್ಯತೆ ಹೆಚ್ಚು, ಹಾಗಾಗಿ ರಾತ್ರಿ ಪಾಳಿ, ಎತ್ತರದ ಜಾಗ, ತಿರುಗುವ ಯಂತ್ರ ಬೇಡ. ಸಕ್ಕರೆ ಕಾಯಿಲೆಗೆ ಊಟದ ಸಮಯ ತಪ್ಪದಿದ್ದರೆ ಅರ್ಧ ಸಮಸ್ಯೆ ಹೋಗುತ್ತದೆ. ಕಿವಿ ಕೇಳದವರಿಗೆ ಅಲಾರಂ ಜೊತೆಗೆ ಮಿನುಗುವ ದೀಪ ಬೇಕು. ಕಣ್ಣು ಮಂಜಾದ ಗುಮಾಸ್ತರಿಗೆ ಎನ್‌ವಿಡಿಎ ಎಂಬ ಸಾಫ್ಟ್‌ವೇರ್ ಪರದೆಯನ್ನು ಓದಿ ಹೇಳುತ್ತದೆ. ಅದು ಉಚಿತ, ಕನ್ನಡವನ್ನೂ ಓದುತ್ತದೆ. ಕ್ಷಯದ ವಿಷಯದಲ್ಲಿ ಸಹೋದ್ಯೋಗಿಗಳ ಭಯ ದೊಡ್ಡದು. ಸಾಮಾನ್ಯ ಕ್ಷಯದಲ್ಲಿ ಸರಿಯಾದ ಔಷಧಿ ಶುರುವಾದ ಕೆಲವು ವಾರಗಳಲ್ಲಿ ಹರಡುವುದು ನಿಲ್ಲುತ್ತದೆ. ಯಾವಾಗ ಬರಬಹುದು ಎಂಬುದನ್ನು ವೈದ್ಯರು ಬರೆದುಕೊಟ್ಟರೆ ಭಯಕ್ಕೆ ಉತ್ತರ ಸಿಕ್ಕಂತೆ.

ಪತ್ರ ಉದ್ದ ಬೇಡ. ಹೀಗಿದ್ದರೆ ಸಾಕು:

‘ನಾನು ಟೈಲರಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಬೆನ್ನಿನ ತೊಂದರೆಯಿಂದ ಬಹಳ ಹೊತ್ತು ಕೂರಲು ಆಗುತ್ತಿಲ್ಲ. ವೈದ್ಯರ ಪತ್ರ ಜೊತೆಗಿದೆ. ಮೂರು ತಿಂಗಳ ಮಟ್ಟಿಗೆ ನನ್ನನ್ನು ಚೆಕಿಂಗ್ ಕೆಲಸಕ್ಕೆ ಹಾಕಬೇಕೆಂದು, ಅದು ಆಗದಿದ್ದರೆ ಬೆನ್ನಿಗೆ ಆಸರೆ ಇರುವ ಕುರ್ಚಿ ಮತ್ತು ಗಂಟೆಗೊಮ್ಮೆ ಐದು ನಿಮಿಷ ಬಿಡುವು ಕೊಡಬೇಕೆಂದು ಕೋರುತ್ತೇನೆ. ದಯವಿಟ್ಟು ಲಿಖಿತ ಉತ್ತರ ಕೊಡಿ.’

ಎರಡು ಆಯ್ಕೆ ಕೊಟ್ಟಿರುವುದನ್ನು ಗಮನಿಸಿ. ಒಂದಕ್ಕೆ ಇಲ್ಲ ಎಂದರೂ ಮಾತುಕತೆ ಅಲ್ಲಿಗೇ ನಿಲ್ಲುವುದಿಲ್ಲ. ಕೊಟ್ಟ ಪತ್ರದ ಇನ್ನೊಂದು ಪ್ರತಿಯ ಮೇಲೆ ತಾರೀಕು, ಸೀಲು ಹಾಕಿಸಿಕೊಳ್ಳಿ.

5. ಕಾನೂನು ಎಷ್ಟು ದೂರ ಬರುತ್ತದೆ?

ಕಾಯಿಲೆಯಿಂದ ಅಂಗವೈಕಲ್ಯ ಉಳಿದರೆ ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಇಲ್ಲಿ ಆಧಾರ. ಸರ್ಕಾರಿ ನೌಕರರಿಗೆ ಇದರ 20ನೇ ಸೆಕ್ಷನ್ ಗಟ್ಟಿ ರಕ್ಷಣೆ. ನೌಕರಿಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಖಾಲಿ ಇಲ್ಲದಿದ್ದರೆ, ಅದು ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಹಳೆಯ 1995ರ ಕಾಯ್ದೆಯಲ್ಲೂ ಇಂಥದೇ ನಿಯಮ ಇತ್ತು. ಎಡಗಾಲು ಕಳೆದುಕೊಂಡ ಎಸ್‌ಎಸ್‌ಬಿ (ಕೇಂದ್ರದ ಒಂದು ಸಶಸ್ತ್ರ ದಳ) ಕಾನ್‌ಸ್ಟೆಬಲ್ ಒಬ್ಬರ ಪರವಾಗಿ ಸುಪ್ರೀಂ ಕೋರ್ಟ್ 2003ರಲ್ಲಿ ತೀರ್ಪು ಕೊಟ್ಟಿದ್ದು ಅದರ ಮೇಲೆಯೇ. 2025ರಲ್ಲಿ ಬಣ್ಣಗುರುಡಿನ ಕಾರಣಕ್ಕೆ ಕೆಲಸ ಕಳೆದುಕೊಂಡಿದ್ದ ಬಸ್ ಚಾಲಕರೊಬ್ಬರಿಗೂ ಬೇರೆ ಕೆಲಸ ಕೊಡಲು ಅದೇ ಕೋರ್ಟ್ ಹೇಳಿತು.

ಖಾಸಗಿ ಕಂಪನಿಗಳಿಗೆ ಈ ಗಟ್ಟಿ ನಿಯಮ ಅನ್ವಯಿಸುವುದಿಲ್ಲ. ಇದು ಕಾಯ್ದೆಯ ದೊಡ್ಡ ಕೊರತೆ, ತಿದ್ದಬೇಕಾದದ್ದು. ಆದರೂ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯೊಂದನ್ನು ಪ್ರಕಟಿಸಬೇಕು. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯ ನೀತಿಯಲ್ಲಿ ಅಂಗವಿಕಲ ನೌಕರರಿಗೆ ಕೊಡುವ ಸೌಲಭ್ಯಗಳು, ಈ ವಿಷಯ ನೋಡಿಕೊಳ್ಳುವ ಲಯಸನ್ ಅಧಿಕಾರಿ ಯಾರು ಎಂಬುದು ಇರಲೇಬೇಕು. ‘ನಮ್ಮ ಕಂಪನಿಯ ಸಮಾನ ಅವಕಾಶ ನೀತಿಯ ಪ್ರತಿ ಕೊಡಿ’ ಎಂದು ಎಚ್‌ಆರ್ ಹತ್ತಿರ ಕೇಳಿ. ಆ ಪ್ರಶ್ನೆಯಿಂದಲೇ ಮಾತಿನ ಧಾಟಿ ಬದಲಾಗಬಹುದು.

6. ಯುಡಿಐಡಿ ಕಾರ್ಡ್

ಯುಡಿಐಡಿ ಎಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ತೊಂದರೆ ಶಾಶ್ವತವಾಗಿ ಉಳಿಯುವ ಹಾಗಿದ್ದರೆ ಇದಕ್ಕೆ ಸ್ವಾವಲಂಬನ್ ಕಾರ್ಡ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ) ಕಾರ್ಯಕರ್ತರನ್ನು ಕೇಳಿ, ಅವರು ದಾರಿ ತೋರಿಸುತ್ತಾರೆ. ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಮಾನಸಿಕ ಕಾಯಿಲೆ, ಪಾರ್ಕಿನ್‌ಸನ್, ಹಿಮೋಫಿಲಿಯಾ ಕೂಡ ಅದರಲ್ಲಿವೆ. ಮೀಸಲಾತಿಗೆ ಕನಿಷ್ಠ ಶೇ 40ರಷ್ಟು ಅಂಗವೈಕಲ್ಯ ಇರಬೇಕು. ಕೆಲಸದ ಜಾಗದ ಅನುಕೂಲ ಕೇಳಲು ಆ ಶೇ 40 ಅಡ್ಡಿಯಾಗಬಾರದು.

7. ಸೂಪರ್‌ವೈಸರ್‌ಗಳಿಗೆ ಒಂದು ಮಾತು

ವಾಪಸ್ ಬಂದವರನ್ನು ಮೊದಲ ದಿನವೇ ಪೂರ್ತಿ ಟಾರ್ಗೆಟ್‌ಗೆ ಹಾಕಬೇಡಿ. ಮೊದಲ ಎರಡು ವಾರ ಅರ್ಧ ದಿನ, ಆಮೇಲೆ ಮುಕ್ಕಾಲು, ಆಮೇಲೆ ಪೂರ್ತಿ. ವಾರಕ್ಕೊಮ್ಮೆ ಪಕ್ಕಕ್ಕೆ ಕರೆದು ‘ಯಾವುದು ಕಷ್ಟ ಆಗ್ತಿದೆ?’ ಎಂದು ಕೇಳಿ. ಎಲ್ಲರ ಮುಂದೆ ಕಾಯಿಲೆಯ ಮಾತು ತೆಗೆಯಬೇಡಿ. ರಜೆಯಲ್ಲಿದ್ದಾಗಲೂ ಒಂದು ಫೋನ್ ಮಾಡಿ. ಕೆಲಸದ ನೆಪವಿಲ್ಲದೆ ಮಾಡಿದ ಆ ಫೋನ್ ವಾಪಸ್ ಬರುವ ಧೈರ್ಯ ಕೊಡುತ್ತದೆ.

8. ಒಪ್ಪದಿದ್ದರೆ

ಸರ್ಕಾರಿ ಕಚೇರಿಯಲ್ಲಿ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ದೂರು ನೋಂದಣಿಯಾದ ಎರಡು ವಾರದೊಳಗೆ ವಿಚಾರಣೆ ನಡೆಸಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ, ಅಥವಾ ನೀವು ಖಾಸಗಿ ಕಂಪನಿಯಲ್ಲಿದ್ದರೆ, ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೆ ಬರೆಯಿರಿ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಅಧಿಕಾರ ಆಯುಕ್ತರಿಗೆ ಇದೆ. ಅವರ ಶಿಫಾರಸಿನ ಮೇಲೆ ಏನು ಕ್ರಮ ಆಯಿತು ಎಂದು ಮೂರು ತಿಂಗಳಲ್ಲಿ ತಿಳಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು. ದೂರಿನ ಜೊತೆ ನೇಮಕಾತಿ ಪತ್ರ, ಸಂಬಳದ ಚೀಟಿ, ವೈದ್ಯರ ಪತ್ರ, ನೀವು ಬರೆದ ಕೋರಿಕೆ ಮತ್ತು ಅದಕ್ಕೆ ಬಂದ ಉತ್ತರ ಇರಲಿ. ಉತ್ತರವೇ ಬಂದಿಲ್ಲ ಎಂದಾದರೆ ಸೀಲು ಹಾಕಿಸಿಕೊಂಡ ಆ ಪ್ರತಿಯನ್ನು ಲಗತ್ತಿಸಿ.